ಸೀತೆದಂಡೆಗೆ ಹಾಕಿದ ಹಾರ್ಮೋನು

ಟಿಶ್ಯೂ ಕಲ್ಚರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹಾರ್ಮೋನಿನದು. ಎಷ್ಟು ಹಾಕಬೇಕು ಮೇಡಂ? ಕಡಿಮೆ ಹಾಕಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿ ನಿವೃತ್ತಳಾದ ಹೆಂಗಸು ಏನಾದರೂ ಗುಟ್ಟು ಹೇಳಿಯಾಳು ಎಂದು ಗೋಕಾಕ ಫಾಲ್ಸ್‌ವರೆಗೆ ಬಸ್ಸಿನಲ್ಲಿ ಬಂದಿರುತ್ತಾರೆ ಪಾಪ. ನನ್ನ ಹತ್ತಿರ ಗುಟ್ಟು ಇಲ್ಲ. ಆದರೆ ಈ ಒಂದು ಮಾತು ಕಲಿಯಲು ನಮ್ಮ ಲ್ಯಾಬಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದು ಹೇಗೆ ಎಂಬುದನ್ನು ಹೇಳಬಲ್ಲೆ.

ನನ್ನ ತಂದೆ ಫಾಲ್ಸ್‌ನ ಗಿರಣಿಯಲ್ಲಿದ್ದರು. ನಾನು ಬಾಟನಿ ತೆಗೆದುಕೊಂಡು ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಪದ್ಮಣ್ಣ ಸಾವಕಾರರು ಊರ ಹೊರಗೆ ಒಂದು ಲ್ಯಾಬು ಕಟ್ಟಿಸಿದರು. ಬಾಳೆ ಮತ್ತು ಕಬ್ಬಿನ ಸಸಿಗಳನ್ನು ಬಾಟಲಿಯಲ್ಲಿ ಬೆಳೆಸಿ ರೈತರಿಗೆ ಮಾರುವುದು ಅವರ ಯೋಚನೆ. ಲ್ಯಾಬಿನ ಮುಖ್ಯಸ್ಥರಾಗಿ ಧಾರವಾಡದಿಂದ ದೇಶಪಾಂಡೆ ಸರ್ ಬಂದರು. ಸಂದರ್ಶನದಲ್ಲಿ ಅವರು ಸಸ್ಯಶಾಸ್ತ್ರದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೂಜಿ, ದಾರ ಕೊಟ್ಟು ಪೋಣಿಸಲು ಹೇಳಿದರು. ಪೋಣಿಸಿದೆ.

“ಭಾಳ ಸೀನ್ತೀರೇನ್ರಿ?” ಎಂದರು.

ಇಲ್ಲ ಎಂದೆ. ಮರುದಿನದಿಂದ ಬರಲು ಹೇಳಿದರು.

ಒಳಗೆ ಹೋದ ಮೇಲೆ ಆ ಪ್ರಶ್ನೆಯ ಅರ್ಥ ತಿಳಿಯಿತು. ಸೋಸಿದ ಗಾಳಿ ಬರುವ ಪೆಟ್ಟಿಗೆಯ ಮುಂದೆ ಕೂರಬೇಕು. ಸ್ಪಿರಿಟ್ ದೀಪದಲ್ಲಿ ಚಿಮಟ ಕಾಯಿಸಬೇಕು. ಗಿಡದ ಒಂದು ಚೂರನ್ನು ಕತ್ತರಿಸಿ, ಸಕ್ಕರೆ, ಲವಣ, ಅಗರ್ ಹಾಕಿ ಜೆಲ್ಲಿಯಂತೆ ಮಾಡಿದ ಆಹಾರವಿರುವ ಬಾಟಲಿಯಲ್ಲಿಟ್ಟು ಮುಚ್ಚಬೇಕು. ಒಮ್ಮೆ ಸೀನಿದರೆ ವಾರದೊಳಗೆ ಬಾಟಲಿಯ ತುಂಬ ಬೂಷ್ಟು. ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ. ಮುಂದೆ ಮದುವೆಯಾದಾಗ ನನ್ನ ಅತ್ತೆ ಇದನ್ನು ಕೇಳಿ, ಹೆಣ್ಣುಮಕ್ಕಳಿಗೆ ಬಹಳ ಒಳ್ಳೆಯ ನೌಕರಿ ಎಂದರು.

ಬಾಟಲಿಯ ಆಹಾರಕ್ಕೆ ಕಣ್ಣಿಗೆ ಕಾಣದಷ್ಟು ಹಾರ್ಮೋನು ಸೇರಿಸುತ್ತಿದ್ದೆವು. ಮುಖ್ಯವಾಗಿ ಎರಡು ಬಗೆ. ಬಿಎಪಿ ಎಂಬುದು ಚಿಗುರು ತರಿಸುತ್ತದೆ, ಎನ್‌ಎಎ ಎಂಬುದು ಬೇರು ತರಿಸುತ್ತದೆ. ಮೊದಲನೆಯದು ಹೆಚ್ಚಾದರೆ ಚಿಗುರೇ ಚಿಗುರು, ಎರಡನೆಯದು ಹೆಚ್ಚಾದರೆ ಬೇರೇ ಬೇರು. ಎರಡನ್ನೂ ಸರಿದೂಗಿಸುವುದಕ್ಕೆ ನಮಗೆ ಪಗಾರ.

ಪದ್ಮಣ್ಣ ಸಾವಕಾರರು ಜೈನರು. ಗಡ್ಡೆ, ಬೇರು ತಿನ್ನುವವರಲ್ಲ. ಆದರೆ ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು, “ಬೇರ ಬಂದುವೇನ್ರಿ?” ಎಂದು ಕೇಳುತ್ತಿದ್ದರು. ಬಂದಿವೆ ಎಂದರೆ ಅವರ ಮುಖ ಅರಳುತ್ತಿತ್ತು. ಒಮ್ಮೆ ಅವರ ತಾಯಿಯವರು ಲ್ಯಾಬು ನೋಡಲು ಬಂದು, ಬಾಟಲಿಗಳನ್ನು ಹಬೆಯಲ್ಲಿ ಕಾಯಿಸುವ ದೊಡ್ಡ ಕುಕ್ಕರಿನ ಮುಂದೆ ನಿಂತರು.

“ಇದರಾಗ ಏನ್ ಬೇಯಸ್ತೀರಿ?”

ದೇಶಪಾಂಡೆ ಸರ್ ಸುಳ್ಳು ಹೇಳುವವರಲ್ಲ. “ಕಣ್ಣಿಗೆ ಕಾಣದ ಜೀವಗಳನ್ನ ಕೊಲ್ತೇವ್ರಿ ಅಮ್ಮಾರ” ಎಂದರು. ಆ ತಾಯಿ ಮತ್ತೆಂದೂ ಲ್ಯಾಬಿನ ಕಡೆ ಬರಲಿಲ್ಲ.

ಸರ್ ಅವರ ಈ ಗುಣದಿಂದ ಮೂಡಲಗಿಯ ವ್ಯಾಪಾರವೂ ಕೆಲಕಾಲ ಕೈತಪ್ಪಿತು. ಅಲ್ಲಿಯ ಬಸಲಿಂಗಪ್ಪ ಎಂಬ ದೊಡ್ಡ ಒಕ್ಕಲಿಗರು ಕಬ್ಬಿನ ಸಸಿ ಬೇಕೆಂದು ಬಂದರು. ಕಪಾಟಿನಲ್ಲಿದ್ದ ಒಂದು ಸಣ್ಣ ಸೀಸೆಯ ಮೇಲಿನ ಹೆಸರು ಓದಿದರು. ಅದು ಟು-ಫೋರ್-ಡಿ. ಗಿಡದ ಚೂರನ್ನು ಮೊದಲು ಮುದ್ದೆಯಾಗಿ ಬೆಳೆಸಲು ಅದನ್ನು ಎಳ್ಳಷ್ಟು ಬಳಸುತ್ತಿದ್ದೆವು.

“ಸಾಹೇಬ್ರ, ಇದನ್ನ ನಾವು ಕಬ್ಬಿನ್ಯಾಗ ಕಸಾ ಸುಡಾಕ ಹೊಡೀತೇವಲ್ರಿ.”

“ಹೌದ್ರಿ, ಅದೇ ಇದು. ಹೆಚ್ಚು ಹಾಕಿದ್ರ ಸುಡ್ತದ, ಕಡಿಮಿ ಹಾಕಿದ್ರ ಬೆಳಸ್ತದ.”

“ಇಲಿ ಪಾಷಾಣಾನೂ ಕಡಿಮಿ ತಿಂದ್ರ ಔಷಧ ಆಗತೈತೇನ್ರಿ?”

ಸರ್ ಸ್ವಲ್ಪ ಯೋಚಿಸಿದರು. “ಒಮ್ಮೊಮ್ಮೆ ಆಗ್ತದ್ರಿ” ಎಂದರು.

ಬಸಲಿಂಗಪ್ಪನವರು ಕೈ ಮುಗಿದು ಹೊರಟುಹೋದರು. ಹುಕ್ಕೇರಿಯಲ್ಲಿ ಕಸ ಸುಡುವ ಎಣ್ಣೆ ಹಾಕಿ ಸಸಿ ಮಾಡುತ್ತಾರೆ ಎಂಬ ಸುದ್ದಿ ಮುಂದಿನ ಸಂತೆಯೊಳಗೆ ಮೂಡಲಗಿಯ ತುಂಬ ಹರಡಿತು. ಬಾಳೆ ಸಸಿಯನ್ನೂ ಯಾರೂ ಕೇಳಲಿಲ್ಲ. ಎರಡು ಹಂಗಾಮು ಕಳೆದ ಮೇಲೆ, ಬೇರೆ ಊರಿನಲ್ಲಿ ನಮ್ಮ ಸಸಿಯ ಬೆಳೆ ನೋಡಿ ಬಸಲಿಂಗಪ್ಪನವರೇ ಮತ್ತೆ ಬಂದರು. ಆ ಸಲ ಸರ್ ಮಾತಾಡದಂತೆ ಸಾವಕಾರರು ಅವರನ್ನು ಬೆಳಗಾವಿಗೆ ಯಾವುದೋ ಕೆಲಸಕ್ಕೆ ಕಳಿಸಿದ್ದರು.

ಆರ್ಕಿಡ್ ಬಂದದ್ದು ಸಾವಕಾರರು ಪುಣೆಯ ಒಂದು ಮದುವೆಗೆ ಹೋಗಿ ಬಂದ ಮೇಲೆ. ಮಂಟಪದ ತುಂಬ ನೇರಳೆ ಬಣ್ಣದ ಹೂವು ಕಟ್ಟಿದ್ದರಂತೆ. ಒಂದು ಹೂವನ್ನು ಅಂಗಿಯ ಕಿಸೆಯಲ್ಲಿಟ್ಟು ತಂದಿದ್ದರು. “ಇದು ಡೆಂಡ್ರೋಬಿಯಂ, ಆರ್ಕಿಡ್ ಜಾತಿ” ಎಂದರು ಸರ್. “ಜಾತಿ ಯಾವುದರ ಇರ್ಲಿ, ನಮ್ಮಲ್ಲೇ ಆಗಬೇಕು” ಎಂದರು ಸಾವಕಾರರು. ತಾಯಿಗಿಡಗಳನ್ನು ತರಿಸಿದೆವು. ಚಿಗುರಿನ ತುದಿ ತೆಗೆದು ಬಾಟಲಿಗೆ ಹಾಕಿದೆವು. ಬಾಳೆಗೆ ಹೋಲಿಸಿದರೆ ಆರ್ಕಿಡ್ ಆಮೆಯ ಹಾಗೆ. ಆರು ತಿಂಗಳಾದರೂ ಬಾಟಲಿ ಇದ್ದ ಹಾಗೇ ಕಾಣುತ್ತಿತ್ತು.

“ಔಷಧ ಜಾಸ್ತಿ ಹಾಕ್ರಿ” ಎಂದು ಸಾವಕಾರರು ದಿನಾ ಹೇಳತೊಡಗಿದರು. ಸರ್ ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ದಿನ ಬೇಸತ್ತು ಬಿಎಪಿಯನ್ನು ದುಪ್ಪಟ್ಟು ಮಾಡಿದರು, ಅದು ಕೆಲಸ ಮಾಡಿತೆಂದು ಮತ್ತಷ್ಟು ಏರಿಸಿದರು.

ಬಾಟಲಿಗಳು ಕೊತ್ತಂಬರಿ ಸಿವುಡಿನಂತೆ ತುಂಬಿಕೊಂಡವು. ಸಾವಕಾರರು ಬೀಗರನ್ನು ಕರೆತಂದು ತೋರಿಸಿದರು. ಕೊಲ್ಹಾಪುರದ ಒಬ್ಬ ಹೂವಿನ ವ್ಯಾಪಾರಿ ಎಲ್ಲವನ್ನೂ ತಾನೇ ಕೊಳ್ಳುವುದಾಗಿ ಹೇಳಿ ಹೋದ. ಹೊರಗೆ ತೆಗೆದಾಗ ಅರ್ಧದಷ್ಟು ಗಿಡಗಳಿಗೆ ಬೇರೇ ಇರಲಿಲ್ಲ. ಎಲೆ ಗಾಜಿನಂತೆ ನೀರು ತುಂಬಿಕೊಂಡು, ಬಿಸಿಲು ಕಂಡ ದಿನವೇ ಬಾಡಿದವು. ಉಳಿದವನ್ನು ನೆರಳು ಮನೆಯಲ್ಲಿ ಇದ್ದಿಲು, ಇಟ್ಟಿಗೆ ಚೂರಿನ ಮೇಲೆ ಎರಡು ಮೂರು ವರ್ಷ ಸಾಕಿದೆವು. ಮೊಗ್ಗು ಬಂದಾಗ ಸಾವಕಾರರು ಪೇಢೆ ಹಂಚಿದರು. ಹೂವು ಅರಳಿದವು. ಕೆಲವಕ್ಕೆ ಒಂದು ಎಸಳು ಇರಲಿಲ್ಲ. ಕೆಲವು ತಿರುಚಿಕೊಂಡಿದ್ದವು. ಒಂದು ಹೂವಂತೂ ನಮ್ಮ ಗಿರಣಿಯ ಹಳೆಯ ಟೈಮ್‌ಕೀಪರ್ ಮುಖ ಕಿವುಚಿದಂತೆ ಇತ್ತು. ಮಿತಿಮೀರಿದ ಹಾರ್ಮೋನಿನಲ್ಲಿ ಮತ್ತೆ ಮತ್ತೆ ಕತ್ತರಿಸಿ ಬೆಳೆಸಿದರೆ ಗಿಡದ ಗುಣವೇ ಕೆಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆವು. ಪುಸ್ತಕ ಸರಿಯಾಗಿತ್ತು.

ಎಲ್ಲ ಕಿತ್ತು ಹಾಕಬೇಕು ಎಂದರು ಸರ್.

“ಬಣ್ಣ ಛಲೋ ಐತಿ. ಹತ್ರ ಬಂದು ಯಾರ ನೋಡ್ತಾರ್ರಿ?” ಎಂದರು ಸಾವಕಾರರು.

“ಹೂವನ್ನ ನೋಡ್ಲಿಕ್ಕೇ ಅಲ್ಲೇನ್ರಿ ಜನ ತೊಗೊಳ್ಳೋದು?”

ಗಿಡಗಳು ತಿಪ್ಪೆಗೆ ಹೋದವು. ಒಂದನ್ನು ಮಾತ್ರ ಸಾವಕಾರರು ಮನೆಗೆ ಒಯ್ದು, ಬಂದವರಿಗೆ ಹೊಸ ತಳಿ ಎಂದು ತೋರಿಸುತ್ತಿದ್ದರು. ಇತ್ತ ಸರ್ ಆರ್ಕಿಡ್ ಕೋಣೆಯಲ್ಲಿ ಹಾರ್ಮೋನಿನ ಹೆಸರೆತ್ತಿದರೆ ಸಿಡುಕತೊಡಗಿದರು. ಬಿಎಪಿಯ ಸೀಸೆಯನ್ನು ಫ್ರಿಜ್ಜಿನ ತೀರ ಹಿಂದಕ್ಕೆ ಸರಿಸಿದರು.

ಆ ಹೊತ್ತಿನಲ್ಲಿ ನೀಲವ್ವ ಬಂದರು.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಸಂಕೇಶ್ವರದ ಆಚೆ ರಸ್ತೆ ಪಕ್ಕದ ಮರಗಳಿಗೆಲ್ಲ ಸುಣ್ಣದ ಗುರುತು ಬಿದ್ದಿತ್ತು. ನೀಲವ್ವ ಅಲ್ಲಿಯ ಒಂದು ಹಳ್ಳಿಯ ಒಕ್ಕಲುತನದ ಮನೆಯವರು. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಬಸ್ಸಿಳಿದು ನೇರವಾಗಿ ಬಂದು ಸರ್ ಅವರ ಎದುರಿನ ಕುರ್ಚಿಯಲ್ಲಿ ಕುಳಿತರು.

“ನೀವು ಬಾಟ್ಲ್ಯಾಗ ಗಿಡಾ ಮಾಡ್ತೀರಂತ. ನನಗ ಸೀತಿದಂಡಿ ಮಾಡಿ ಕೊಡ್ರಿ.”

ಸೀತೆದಂಡೆ ಎಂದರೆ ಮರದ ತೊಗಟೆಗೆ ಬೇರಂಟಿಸಿಕೊಂಡು ಬೆಳೆಯುವ ಕಾಡು ಆರ್ಕಿಡ್. ಮುಂಗಾರಿನ ಹೊತ್ತಿಗೆ ಬಿಳಿ, ನೇರಳೆ ಚುಕ್ಕೆಯ ಹೂಗೊಂಚಲು ನರಿಯ ಬಾಲದಂತೆ ಜೋತುಬೀಳುತ್ತದೆ. ಅದನ್ನು ಹಾಗೇ ಮುರಿದು ತುರುಬಿಗೆ ಸುತ್ತಬಹುದು. ಅವರ ಹೊಲದಂಚಿನ ಮಾವಿನ ಮರದ ಮೇಲೆ ಒಂದು ಹಳೆಯ ಗಿಡವಿತ್ತು. ಆ ಮರಕ್ಕೂ ಗುರುತು ಬಿದ್ದಿತ್ತು. ತೊಗಟೆಗೆ ಅಂಟಿದ ಹಳೆಯ ಬೇರು ಕಿತ್ತು ಬೇರೆ ಮರಕ್ಕೆ ಕಟ್ಟಿದರೆ ಗಿಡ ಬದುಕುವ ಭರವಸೆ ಇರಲಿಲ್ಲ.

“ಮರಾ ಹೋಗ್ಲಿ, ರೋಡಿಗೆ ಬೇಕಂತ. ಹೂ ನಂಗ ಬೇಕು” ಎಂದರು.

ಕಾಡಿನಿಂದ ಬೇರೆ ಗಿಡ ತರಬಹುದಲ್ಲ ಎಂದು ಸರ್ ಹೇಳಿದರು. ನೀಲವ್ವ ತಮ್ಮ ಗಿಡದ್ದೇ ಬೇಕೆಂದು ತಲೆ ಅಲ್ಲಾಡಿಸಿದರು. ಸರ್ ಫೋನಿಗೆಂದು ಎದ್ದು ಹೋದಾಗ ನನ್ನ ಕಡೆ ತಿರುಗಿದರು.

“ಬಾಯಾರ, ನಮ್ಮೂರಾಗ ಚೊಚ್ಚಲ ಬಸರಿಗೆ ಕುಬಸ ಮಾಡೂ ಮುಂದ ಈ ಹೂ ಮುಡಸ್ತಾರು. ಹೂ ಇರೂದು ನನ್ನ ಗಿಡದಾಗ ಒಂದಽ. ನಾನು ರಂಡಿಮುಂಡಿ, ಅಂಥಾ ಕಾರ್ಯಕ್ಕ ನನ್ನ ಯಾರೂ ಕರಿಯೂದಿಲ್ಲ. ಆದರ ಹೂ ಬೇಕಂದ್ರ ನಾನಽ ಬಂದ ಮುಡಸ್ತೇನಿ, ಇಲ್ಲಂದ್ರ ಕೊಡೂದಿಲ್ಲ ಅಂತ ಹಟಾ ಹಿಡದೇನಿ. ಹಿಂಗಾಗಿ ಕರೀತಾರು.”

“ಹೂ ಬಿಡೂದು ಮಳಿಗಾಲಕ್ಕಷ್ಟಽ ಅಲ್ರಿ? ಉಳಿದ ತಿಂಗಳಾ?”

“ಆವಾಗ ಕರಿಯೂದಿಲ್ಲ” ಎಂದರು, ಮಳೆ ಬರುವುದಿಲ್ಲ ಎನ್ನುವಷ್ಟೇ ಸಹಜವಾಗಿ.

ಮರುದಿನ ಸರ್ ಮತ್ತು ನಾನು ಅಲ್ಲಿಗೆ ಹೋದೆವು. ಮರದಲ್ಲಿ ಹೂವಿತ್ತು. ಬೀಜ ಬೇಕಾದರೆ ಕಾಯಿ ಕಟ್ಟಬೇಕು, ಕಾಯಿ ಬಲಿಯಲು ತಿಂಗಳುಗಳು ಬೇಕು. ಈ ಹೂವು ತಾನಾಗಿ ಕಾಯಿ ಕಟ್ಟುವುದು ಅಪರೂಪ. ಸರ್ ಚಕ್ಕಡಿಯ ಮೇಲೆ ನಿಂತು, ಒಂದು ಕಡ್ಡಿಯಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ತಾಗಿಸಿದರು. ಇಸ್ತ್ರಿ ಮಾಡಿದ ಪ್ಯಾಂಟು, ಕುತ್ತಿಗೆಯಲ್ಲಿ ಕನ್ನಡಕದ ದಾರ. ಜನ ಸೇರಿದರು. ಏನು ನಡೆದಿದೆ ಎಂದು ಯಾರೋ ಕೇಳಿದರು. “ಲಗ್ನಾ ಮಾಡಸಾಕತ್ತಾರು, ಗದ್ದಲಾ ಮಾಡಬ್ಯಾಡ್ರಿ” ಎಂದರು ನೀಲವ್ವ.

ಎರಡು ಕಾಯಿ ನಿಂತವು. ಗಿಡವನ್ನು ಅಲುಗಿಸಿದರೆ ಉದುರುತ್ತವೆ, ಹಾಗಾಗಿ ಕಾಯಿ ಬಲಿಯುವವರೆಗೆ ಮರ ನಿಲ್ಲಬೇಕಿತ್ತು. ಮರ ಕಡಿಯುವ ತಂಡದ ಮುಕಾದಮನನ್ನು ಸರ್ ಕಂಡು ಇಂಗ್ಲಿಷಿನಲ್ಲಿ ಬರೆದ ಒಂದು ವಿನಂತಿ ಪತ್ರ ಕೊಟ್ಟರು. ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. “ಹೂವಿನ ಸಲುವಾಗಿ ರೋಡ್ ನಿಂದ್ರಸ್ಲೇನ್ರಿ?” ಎಂದ. ಮರುದಿನದಿಂದ ನೀಲವ್ವ ಆ ತಂಡಕ್ಕೆ ಮಧ್ಯಾಹ್ನ ರೊಟ್ಟಿ, ಝುಣಕ, ಮಜ್ಜಿಗೆ ಕೊಡತೊಡಗಿದರು. ಮುಕಾದಮ ಆ ಮರವನ್ನು ಬಿಟ್ಟು ಮುಂದಿನ ಮರ ಕಡಿದ. ಆಮೇಲೆ ಅದರ ಮುಂದಿನದು. ಹೀಗೆ ದೀಪಾವಳಿ ದಾಟಿತು. ರಸ್ತೆಯ ಎರಡೂ ಕಡೆ ಬೋಳಾಗಿ ಆ ಮರವೊಂದೇ ಉಳಿದಾಗ ಮೇಲಿನವರು ಬಂದು ಬೈದರು. ಅವನು ನೀಲವ್ವನ ಮುಂದೆ ಬಂದು ನಿಂತ. “ಅಕ್ಕಾರ, ಇನ್ನ ನನ್ನ ಕೈಯಾಗ ಇಲ್ರಿ.”

ಸುದ್ದಿ ಬಂದ ದಿನವೇ ನಾವು ಓಡಿದೆವು. ಕಾಯಿ ಇನ್ನೂ ಹಸಿರಾಗಿದ್ದವು, ಇನ್ನಷ್ಟು ದಿನ ಬೇಕಿತ್ತು. ಬೇರೆ ದಾರಿ ಇರಲಿಲ್ಲ. ಎರಡನ್ನೂ ಕೊಯ್ದುಕೊಂಡೆವು. ತಾಯಿಗಿಡವಿದ್ದ ಕೊಂಬೆಯನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿಕೊಡುತ್ತೇನೆ ಎಂದು ಮುಕಾದಮ ತಾನಾಗಿ ಹೇಳಿದ. ಅವನ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಆದರೆ ಹಗ್ಗ ಎಳೆದದ್ದು ಒಂದು ಕಡೆ, ಕೊಂಬೆ ಬಿದ್ದದ್ದು ಇನ್ನೊಂದು ಕಡೆ. ಗಿಡ ಅದರ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ನೀಲವ್ವ ಹತ್ತಿರ ಹೋಗಿ ನೋಡಿದರು. ಆ ದಿನವೂ ತಂಡಕ್ಕೆ ಮಜ್ಜಿಗೆ ಕೊಟ್ಟರು. ಮುಕಾದಮ ಕುಡಿಯಲಿಲ್ಲ.

ಲ್ಯಾಬಿನಲ್ಲಿ ಮೊದಲ ಕಾಯಿ ಸೀಳಿದೆ. ಒಳಗೆ ಹುಳು ತಿಂದು ಟೊಳ್ಳಾಗಿತ್ತು. ಎರಡನೆಯದನ್ನು ಸ್ಪಿರಿಟ್ಟಿನಲ್ಲದ್ದಿ ಬೆಂಕಿಗೆ ಹಿಡಿದು ಸೀಳಿದೆ. ತೆಳು ಹಳದಿ ಧೂಳಿನಂಥ ಬೀಜ. ಬಾಟಲಿಗಳಿಗೆ ಉದುರಿಸಿದೆ. ಹಾರ್ಮೋನು ಬೇಡ, ತೆಂಗಿನ ನೀರು ಮಾತ್ರ ಹಾಕಿ ಎಂದರು ಸರ್. ಅದರಲ್ಲಿ ಬೆಳೆಸುವ ಗುಣ ಸ್ವಾಭಾವಿಕವಾಗಿಯೇ ಇದೆ. ನೀರು ಬಾಟಲಿಗೆ, ಕೊಬ್ಬರಿ ನಮಗೆ. ಆ ವರ್ಷ ಲ್ಯಾಬಿನವರೆಲ್ಲರ ಡಬ್ಬಿಯಲ್ಲೂ ಕೊಬ್ಬರಿ ಚಟ್ನಿ ಇರುತ್ತಿತ್ತು.

ಕೆಲವು ಬಾಟಲಿಗೆ ಬೂಷ್ಟು ಬಂದು ಹೋದವು. ಉಳಿದವುಗಳಲ್ಲಿ ಹಸಿರು ಕಾಳು ಮೂಡಿದವು. ನೀಲವ್ವ ಹುಕ್ಕೇರಿ ಸಂತೆಗೆ ಬಂದಾಗಲೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ಗಾಜಿನಾಚೆಯಿಂದ ನೋಡುತ್ತಿದ್ದರು.

“ಇವೇನು, ಸಾಬೂದಾಣಿ ಇದ್ದಂಗ ಅದಾವಲ್ರಿ.”

“ಇನ್ನ ಎಲಿ ಬರ್ತಾವ್ರಿ ಅಕ್ಕಾರ.”

ಎಲೆ ಬರಲಿಲ್ಲ. ತಿಂಗಳುಗಳಾದವು. ಕಾಳು ಕಾಳಾಗಿಯೇ ಇದ್ದವು, ಕೆಲವು ಕಂದು ಬಣ್ಣಕ್ಕೆ ತಿರುಗತೊಡಗಿದವು. ಎಳೆಯ ಕಾಯಿಯ ಬೀಜ, ಅದಕ್ಕೆ ತನ್ನಷ್ಟಕ್ಕೆ ಮೇಲೇಳುವ ಶಕ್ತಿ ಇರಲಿಲ್ಲ ಎಂದು ನನಗೆ ಅನ್ನಿಸಿತು. ಸರ್ ಹತ್ತಿರ ಹೋದೆ.

“ಸರ್, ಒಂಚೂರು ಬಿಎಪಿ, ಒಂಚೂರು ಎನ್‌ಎಎ ಹಾಕೂಣ್ರಿ.”

“ಬ್ಯಾಡ. ಮತ್ತ ಸೊಟ್ಟ ಹೂ ಮಾಡೋದು ಬ್ಯಾಡ. ಅವು ಹಿಂಗೇ ಇರ್ಲಿ.”

“ಹಿಂಗಽ ಇದ್ರ, ನೀಲವ್ವಕ್ಕ ಬಸರಿ ತುರುಬಿಗೆ ಸಾಬೂದಾಣಿ ಮುಡಸಬೇಕಾಗತೈತ್ರಿ.”

ಸರ್ ನನ್ನನ್ನು ದಿಟ್ಟಿಸಿ ನೋಡಿದರು. ಸಂಜೆ ಮನೆಗೆ ಹೊರಡುವ ಮುಂಚೆ ಫ್ರಿಜ್ಜಿನೊಳಗೆ ಹಿಂದಿದ್ದ ಸೀಸೆ ತೆಗೆದು ತಕ್ಕಡಿಯ ಮುಂದೆ ಕುಳಿತರು. ಡೆಂಡ್ರೋಬಿಯಂಗೆ ಹಾಕಿದ್ದರ ಒಂದು ಸಣ್ಣ ಪಾಲನ್ನಷ್ಟೇ ತೂಗಿದರು. ಅದರಲ್ಲೂ ಅರ್ಧ ತೆಗೆದರು. ಒಮ್ಮೆ ಮಾತ್ರ, ಎಲೆ ಕಂಡ ಕೂಡಲೇ ನಿಲ್ಲಿಸಬೇಕು ಎಂದರು. ಹಾಗೇ ಮಾಡಿದೆವು. ಮುಂದಿನ ಹುಣ್ಣಿಮೆ ಕಳೆಯುವಷ್ಟರಲ್ಲಿ ಕಾಳಿನ ನೆತ್ತಿಯಲ್ಲಿ ಚೂಪಾದ ಹಸಿರು ಕಂಡಿತು. ಕೂಡಲೇ ಹಾರ್ಮೋನಿಲ್ಲದ ಬಾಟಲಿಗೆ ಬದಲಿಸಿದೆವು. ಸಾವಕಾರರು ಬಾಗಿಲಲ್ಲಿ ನಿಂತು ಬೇರು ಬಂತೇ ಎಂದು ಕೇಳಿದ ದಿನ ಅವಕ್ಕೆ ಬೇರೂ ಬಂದಿತ್ತು. ಅವರು ಒಳಗೆ ಬಂದು ನೋಡಿದರು. “ಆಹಾ, ಸೀತೇಚಿ ವೇಣಿ” ಎಂದು ಆ ಹೂವಿನ ಮರಾಠಿ ಹೆಸರು ಹೇಳಿದರು. ಆ ಹೂವನ್ನು ಮಾರುವ ಮಾತನ್ನು ಅವರು ಯಾಕೋ ಎತ್ತಲಿಲ್ಲ.

ಗಿಡಗಳನ್ನು ಬಾಟಲಿಯಿಂದ ತೆಗೆದು, ಗಾಳಿ ಬಿಸಿಲಿಗೆ ಒಗ್ಗಿಸಿ, ಒಯ್ಯಲು ಹೇಳಿ ಕಳಿಸಿದಾಗ ನೀಲವ್ವ ಒಂದು ಬುಟ್ಟಿ ಹಿಡಿದು ಬಂದರು. ಗಿಡಗಳು ಬುಟ್ಟಿಗೆ ಹಿಡಿಸಲಿಲ್ಲ. ಒಂದು ಕೇಳಿದವರಿಗೆ ಒಂದು ಊರಿಗಾಗುವಷ್ಟು ಮಾಡಿದ್ದೆವು. ಊರಿನವರಿಗೆ ಹಂಚುತ್ತೇನೆ ಎಂದರು. ನಾನು ಬಾಯಿ ಹಾಕದೆ ಇರಲಾಗಲಿಲ್ಲ.

“ಅಕ್ಕಾರ, ಎಲ್ಲಾ ನೀವಽ ಇಟ್ಕೋರಿ. ಎಲ್ಲಾರ ಮನ್ಯಾಗ ಹೂವಾದ್ರ ನಿಮ್ಮನ್ನ ಯಾರ ಕರೀತಾರು?”

ನೀಲವ್ವ ಗಿಡಗಳನ್ನು ಜೋಡಿಸುತ್ತಲೇ ಇದ್ದರು.

“ಇಷ್ಟ ವರ್ಷ ಅವ್ರು ಹೂವನ್ನ ಕರದ್ರು ಬಾಯಾರ. ನಾನು ಅದರ ಬೆನ್ನ ಹತ್ತಿ ಹೋದ್ನಿ. ನನ್ನ ಕರೀತಾರೇನ ಒಮ್ಮೆ ನೋಡಬೇಕಾಗೈತಿ.”

ಮನೆಮನೆಗೆ ಹೋಗಿ, ಹಳೆಯ ಸೀರೆಯ ಅಂಚಿನಿಂದ ಮರಗಳಿಗೆ ತಾವೇ ಕಟ್ಟಿಕೊಟ್ಟರಂತೆ. ಯಾರೋ ನುಗ್ಗೆ ಮರಕ್ಕೆ ಕಟ್ಟಿಸಿಕೊಂಡರು, ಮರ ಗಾಳಿಗೆ ಮುರಿಯಿತು. ಯಾರೋ ಕುಂಡದಲ್ಲಿಟ್ಟು ಸಗಣಿ ಗೊಬ್ಬರ ಹಾಕಿದರು, ಗಿಡ ಕೊಳೆಯಿತು. ಮಾವು, ನೇರಳೆ ಮರದ ಮೇಲಿದ್ದವು ನಿಂತವು.

ಈ ನಡುವೆ ದೇಶಪಾಂಡೆ ಸರ್ ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಸಾವಕಾರರು ಆರ್ಕಿಡ್ ಕೋಣೆಯನ್ನು ಬಾಳೆಗೆ ಬಿಟ್ಟುಕೊಟ್ಟರು. ಕೆಲವು ವರ್ಷಗಳ ಮೇಲೆ ಒಂದು ಮುಂಗಾರಿನಲ್ಲಿ ನೀಲವ್ವ ಒಂದು ಹೂಗೊಂಚಲು ತಂದು ನನ್ನ ಮೇಜಿನ ಮೇಲಿಟ್ಟರು. ಒಂದೊಂದು ಹೂವನ್ನೂ ಭೂತಗಾಜಿನಲ್ಲಿ ನೋಡಿದೆ. ಸೊಟ್ಟ ಒಂದೂ ಇರಲಿಲ್ಲ. ಸರ್ ಅವರಿಗೆ ಫೋನ್ ಮಾಡಿ ಹೇಳಿದೆ. “ನೆಟ್ಟಗ ಇದ್ದಾವೇನು? ಹೂಂ” ಎಂದು ಇಟ್ಟುಬಿಟ್ಟರು. ಐದು ನಿಮಿಷ ಬಿಟ್ಟು ಅವರೇ ತಿರುಗಿ ಫೋನ್ ಮಾಡಿ, ಇನ್ನೊಮ್ಮೆ ಹೇಳು ಎಂದರು.

“ಕುಬಸಕ್ಕ ಕರದ್ರೇನ್ರಿ?” ಎಂದು ನೀಲವ್ವನನ್ನು ಕೇಳಿದೆ.

“ಈ ಮಳಿಗಾಲಕ್ಕ ಮೂರ ಮನ್ಯಾಗ ಆತು. ಎಲ್ಲಾರ ಕಡೇನೂ ಹೂ ಇತ್ತು. ಒಬ್ರು ಕರದ್ರು.”

“ಒಬ್ರಽ?”

“ಹೂವನ್ನ ಬಿಟ್ಟು ನನ್ನನ್ನಷ್ಟಽ ಕರದವ್ರು ಮೊದಲ ಯಾರಿದ್ರು, ಬಾಯಾರ?”

ಆ ಚಳಿಗಾಲದಲ್ಲಿ ಅವರ ಊರಿನ ಒಂದು ಕುಬಸಕ್ಕೆ ನನಗೂ ಕರೆ ಬಂತು. ಬಸುರಿ ಹುಡುಗಿಯ ಮನೆಯ ಮಾವಿನ ಮರಕ್ಕೆ ನಮ್ಮ ಗಿಡ ಅಂಟಿಕೊಂಡಿತ್ತು, ಹೂವಿನ ಕಾಲ ಅಲ್ಲದ್ದರಿಂದ ಬರೀ ಎಲೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಸಂಕೇಶ್ವರದ ಪೇಟೆಯಿಂದ ತಂದ ಸೇವಂತಿಗೆ ದಂಡೆ ತಟ್ಟೆಯಲ್ಲಿತ್ತು. ನೀಲವ್ವ ಹಿಂದೆ, ಗೋಡೆಗೆ ಆತು ಕುಳಿತಿದ್ದರು. ಹುಡುಗಿ ಕತ್ತು ತಿರುಗಿಸಿ, ದಂಡೆ ಮುಡಿಸಲು ಅವರನ್ನು ಕರೆದಳು. ಪರ ಊರಿನಿಂದ ಬಂದ ಹಿರಿಯ ಬೀಗಿತ್ತಿಯೊಬ್ಬರು, “ಆಕಿ ಯಾಕ? ಮುತ್ತೈದ್ಯಾರು ಇಷ್ಟ ಮಂದಿ ಇರೂ ಮುಂದ” ಎಂದರು. ನೀಲವ್ವ ಅರ್ಧ ಎದ್ದವರು ಹಾಗೇ ನಿಂತರು.

ಹುಡುಗಿ ಜಡೆಯನ್ನು ಬೆನ್ನ ಮೇಲೆ ಸರಿಯಾಗಿ ಬಿಟ್ಟುಕೊಂಡು ಕುಳಿತಳು.

“ಚಿಗವ್ವಾ, ಜಲ್ದಿ ಬಂದ ಮುಡಸ್ ಬಾ. ಕುಂತ ಕುಂತ ಕಾಲ ಜೋಂ ಹಿಡದಾವು.”